ಹನ್ನೊಂದನೆಯ ಅಂಗಿ

ಮೈದಾನದ ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದ ಆ ಹೊಲಿಗೆ ಅಂಗಡಿಯಲ್ಲಿ ನಾನು ಏಳು ತಿಂಗಳು ಕೆಲಸ ಮಾಡಿದೆ. ಯಾವ ಊರಿನಲ್ಲಿಯೂ ಅಷ್ಟು ಕಾಲ ನೆಲೆ ನಿಂತವನಲ್ಲ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಂಡಿಗೆ ಕಾಜಾ ಹೊಲಿಯುವ, ಇಸ್ತ್ರಿ ಹಾಕುವ ಕೆಲಸವಲ್ಲ. ಬೆಂಚಿನ ಮೇಲೆ ನಡೆಯುತ್ತಿದ್ದ ಜಗಳ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಸುಟ್ಟ ಕಲೆಗಳು ತುಂಬಿದ ಇಸ್ತ್ರಿ ಹಲಗೆ, ಗಿರಾಕಿಗಳಿಗೆಂದು ಹಾಕಿದ ಆ ಬೆಂಚು, ಇಷ್ಟೇ ಅಂಗಡಿ. ಬೆಂಚಿನ ಮೇಲೆ ಗಿರಾಕಿಗಳು ಕುಳಿತದ್ದನ್ನು ನಾನು ಕಂಡದ್ದು ಕಡಿಮೆ.

ಬೆಂಚಿನ ಎಡತುದಿ ಬಸ್ ಕಂಡಕ್ಟರನದು. ದಿಬ್ಬದ ಕಾಲೇಜಿನಲ್ಲಿ ಮೂರು ವರ್ಷ ಓದಿ, ಪರೀಕ್ಷೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅಲ್ಲಿ ಗೆದ್ದವನೆಂದು ತನ್ನನ್ನು ತಾನೇ ಹೇಳಿಕೊಳ್ಳುತ್ತಿದ್ದ. ಬಲತುದಿ ಎದುರಿನ ಔಷಧಿ ಅಂಗಡಿಯ ಅಕ್ಕನದು. ಆಕೆ ಹೊಳೆ ಕಾಲೇಜಿನವರು. ನಡುವೆ ಯಾರೂ ಕೂರುತ್ತಿರಲಿಲ್ಲ. ಕೂರುವ ಧೈರ್ಯ ಯಾರಿಗೂ ಇರಲಿಲ್ಲ.

"ವರ್ಷಕ್ಕೆರಡು ಕಪ್ಪು ಗೆಲ್ತೀರಿ, ಒಪ್ಕೊಂಡೆ," ಎನ್ನುತ್ತಿದ್ದ ಕಂಡಕ್ಟರ್. "ಆದ್ರೆ ಶೀಲ್ಡ್ ಫೈನಲ್ ಬಂತು ಅಂದ್ರೆ ನಮ್ಮೆದುರು ನಿಮ್ಮೋರಿಗೆ ಕಾಲೇ ಏಳಲ್ಲ. ಸ್ವಂತ ಔಷಧಿ ಅಂಗಡಿ ಇಟ್ಕೊಂಡೂ ವಾಸಿ ಆಗ್ಲಿಲ್ವಲ್ಲ ಅಕ್ಕಾ ಈ ಕಾಯಿಲೆ!"

"ನಾಲ್ಕು ಕಾಲೇಜು ಸೇರ್ಕೊಂಡು ಆಡೋದನ್ನ ಟೂರ್ನಮೆಂಟು ಅಂತಾರೇನಪ್ಪಾ? ಅದು ಜಗಲಿ ಮೇಲಿನ ಇಸ್ಪೀಟಾಟ. ಮೊದ್ಲು ನಿಮ್ಮ ಟೀಮಿಗೆ ಮರ್ಯಾದೆ ಇರೋ ಹೆಸರಿಟ್ಕೊಳ್ಳಿ, ಆಮೇಲೆ ಮಾತಾಡು."

ಇಲ್ಲಿಗೆ ಬಂದರೆ ಕಂಡಕ್ಟರನ ಕಿವಿ ಕೆಂಪಾಗುತ್ತಿತ್ತು. ಏಕೆಂದರೆ ದಿಬ್ಬದ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹುಲಿ, ಸಿಂಹ, ಸಿಡಿಲು ಎಂಬ ಹೆಸರುಗಳಾವುವೂ ಇರಲಿಲ್ಲ. ಅದರ ಹೆಸರು 'ಹತ್ತು ಮಂದಿ'. ಹನ್ನೊಂದು ಜನರ ತಂಡಕ್ಕೆ ಆ ಹೆಸರು ಏಕೆ ಬಂತೆಂಬುದಕ್ಕೆ ಊರಿನಲ್ಲಿ ಎರಡು ಕಥೆಗಳಿದ್ದವು. ಮೂವತ್ತಾರು ವರ್ಷಗಳ ಹಿಂದಿನ ಶೀಲ್ಡ್ ಫೈನಲ್ಲಿನಲ್ಲಿ ಪಕ್ಷಪಾತಿ ರೆಫರಿಯೊಬ್ಬ ದಿಬ್ಬದವರಲ್ಲಿ ಒಬ್ಬನನ್ನು ಹೊರಗಟ್ಟಿದನೆಂದೂ, ಉಳಿದ ಹತ್ತು ಮಂದಿಯೇ ಆಡಿ ಗೆದ್ದರೆಂದೂ ಕಂಡಕ್ಟರ್ ಹೇಳುತ್ತಿದ್ದ. ಹೊರಗಟ್ಟಿದ್ದು ಯಾರೂ ಇಲ್ಲ, ಹೊಳೆ ಕಾಲೇಜಿನವರ ಆಟಕ್ಕೆ ಹೆದರಿ ಒಬ್ಬ ಮೈದಾನಕ್ಕೇ ಬರಲಿಲ್ಲವೆಂದು ಅಕ್ಕ ಹೇಳುತ್ತಿದ್ದರು.

ಎರಡು ಕಾಲೇಜುಗಳು ಎದುರಾದಾಗಲೆಲ್ಲ ಒಂದು ಪದ್ಧತಿ ನಡೆಯುತ್ತಿತ್ತು. ದಿಬ್ಬದ ತಂಡ ಸಾಲಾಗಿ ನಿಂತೊಡನೆ ಹೊಳೆ ಕಾಲೇಜಿನ ಗ್ಯಾಲರಿ ಬೆರಳು ಚಾಚಿ ಎಣಿಸತೊಡಗುವುದು: ಒಂದು, ಎರಡು, ಮೂರು. ಹತ್ತಕ್ಕೆ ನಿಲ್ಲಿಸಿ ಸಾವಿರ ಗಂಟಲುಗಳು ಒಟ್ಟಾಗಿ ಕೂಗುವುವು: "ಇನ್ನೊಬ್ಬ ಎಲ್ಲಿ?" ದಿಬ್ಬದ ಗ್ಯಾಲರಿ ಎದೆ ಬಡಿದುಕೊಂಡು ಉತ್ತರಿಸುವುದು: "ಹತ್ತೇ ಸಾಕು!" ಹನ್ನೊಂದನೆಯ ಆಟಗಾರ ಅಲ್ಲಿಯವರೆಗೂ ಗೆರೆಯ ಹೊರಗೆ ನಿಂತಿದ್ದು, ಆಮೇಲೆ ಓಡಿ ಬಂದು ಸಾಲಿಗೆ ಸೇರಿಕೊಳ್ಳಬೇಕು. ಮೊದಲ ಸಲ ಆ ಕೂಗನ್ನು ಅಂಗಡಿಯೊಳಗಿನಿಂದ ಕೇಳಿದಾಗ ನಾನು ಹೊಲಿಗೆ ಬಿಟ್ಟು ಬಾಗಿಲಿಗೆ ಬಂದೆ. ಅಷ್ಟು ಜನ ಒಂದೇ ಉಸಿರಿನಲ್ಲಿ ಒಂದೇ ಪ್ರಶ್ನೆ ಕೇಳುವುದೆಂದರೆ ಸಾಮಾನ್ಯವಲ್ಲ. ಬೇಲಿಯ ತಗಡುಗಳು ಕೂಡ ಅದಕ್ಕೆ ಝಲ್ಲೆನ್ನುತ್ತಿದ್ದವು.

ಆಗೆಲ್ಲ ಮಾಸ್ಟರ್ ಮಿಷನ್ನು ನಿಲ್ಲಿಸಿಬಿಡುತ್ತಿದ್ದರು. ಅಂಗಡಿಯ ಯಜಮಾನರಾದ ಅವರು ಮಿತಭಾಷಿ. ಬೆಂಚಿನ ಜಗಳದಲ್ಲಿ ಒಂದು ದಿನವೂ ಬಾಯಿ ಹಾಕಿದವರಲ್ಲ. ದಾರ ತುಂಡಾಯಿತೆಂದು ಅವರು ಮಿಷನ್ನು ನಿಲ್ಲಿಸುತ್ತಾರೆಂದು ನಾನು ತಿಳಿದಿದ್ದೆ.

ಆ ವರ್ಷ ಫೈನಲ್ಲಿಗೆ ಎಂಟು ದಿನಗಳಿರುವಾಗ ಕಂಡಕ್ಟರ್ ಕಡುಗೆಂಪು ಬಟ್ಟೆಯ ಥಾನು ಹೊತ್ತು ತಂದ. ಹೊಸ ಅಂಗಿಗಳ ಬೆನ್ನಿನ ಮೇಲೆ ಬಟ್ಟೆಯಿಂದ ಕತ್ತರಿಸಿದ ಅಕ್ಷರಗಳಲ್ಲಿ ತಂಡದ ಹೆಸರನ್ನು ಹೊಲಿಯಬೇಕಿತ್ತು.

"ಆದ್ರೆ ಹೆಸರು ಮಾತ್ರ ಈಗ್ಲೇ ಹೊಲೀಬೇಡಿ ಮಾಸ್ಟ್ರೇ," ಎಂದ. ಅವನ ದನಿಯಲ್ಲಿ ಎಂದಿನ ಏರು ಇರಲಿಲ್ಲ. "ಹಳೆ ವಿದ್ಯಾರ್ಥಿ ಸಂಘದಲ್ಲಿ ಗಲಾಟೆ. ಅಧ್ಯಕ್ಷರು 'ಚಿರತೆಗಳು' ಅಂತ ಇಡ್ಬೇಕು ಅಂತಾರೆ. ಓಡಿಹೋದವನ ಹೆಸರಲ್ಲಿ ಇನ್ನೆಷ್ಟು ವರ್ಷ ಆಡ್ತೀರಿ ಅಂತ ಕೇಳ್ತಾರೆ. ನಿಜ ಏನು ಅಂತ ವಿಚಾರಿಸಿ ಹೇಳೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಶನಿವಾರದೊಳಗೆ ಹೇಳ್ಬೇಕು. ಹೆದರಿ ಓಡಿದ್ದೇ ನಿಜ ಅನ್ನೋದಾದ್ರೆ ಹೆಸರು ಹೋದ ಹಾಗೇ."

"ಚಿರತೆ!" ಎಂದು ನಕ್ಕರು ಅಕ್ಕ. "ನಿಮ್ಮ ಗೋಲ್‌ಕೀಪರ್ ಹೊಟ್ಟೆ ನೋಡಿದ್ರೆ ಯಾವ ಚಿರತೇನೂ ಒಪ್ಪಲ್ಲ. ನೋಡು, ನಮ್ಮಪ್ಪ ಆ ವರ್ಷ ನಮ್ಮ ಕ್ಯಾಪ್ಟನ್ ಆಗಿದ್ರು. ಫೈನಲ್ ನೋಡೋಕೆ ಶುಕ್ರವಾರ ಬರ್ತಿದ್ದಾರೆ. ಶನಿವಾರ ಇಲ್ಲೇ ಕರ್ಕೊಂಡು ಬಂದು ಕೂರಿಸ್ತೀನಿ. ಅವರ ಬಾಯಿಂದಾನೇ ಕೇಳ್ಕೋ."

ಅವರಿಬ್ಬರೂ ಹೋದ ಮೇಲೆ ಮಾಸ್ಟರ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಬಹಳ ಹೊತ್ತು ಸವರುತ್ತ ನಿಂತರು. ಸೀಮೆಸುಣ್ಣದ ಗೆರೆ ಹಾಕಲಿಲ್ಲ, ಕತ್ತರಿ ಎತ್ತಲಿಲ್ಲ.

"ಆ ಹೆಸರು ಹೋದ್ರೆ ಒಳ್ಳೇದು ಕಣಪ್ಪ," ಎಂದರು ಕೊನೆಗೆ. "ಹೆಸರು ಹೋದ್ರೆ ಎಣಿಸೋದೂ ನಿಲ್ಲುತ್ತೆ. ಮೂವತ್ತಾರು ವರ್ಷದಿಂದ ಈ ಗೋಡೆ ಆಚೆ ನಿಂತು ಎಲ್ರೂ ಕೇಳ್ತಿರೋದು ನನ್ನನ್ನೇ."

ನಾನು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟೆ.

ಅವರು ಆಗ ಹತ್ತೊಂಬತ್ತರ ಹುಡುಗ, ದಿಬ್ಬದ ಕಾಲೇಜಿನ ಎಡಬದಿಯ ಆಟಗಾರ. ಇದೇ ಅಂಗಡಿಯಲ್ಲಿ ಅವರ ತಂದೆ ಹೊಲಿಯುತ್ತಿದ್ದರು. ಸಿದ್ಧ ಅಂಗಿಗಳನ್ನು ಕೊಳ್ಳುವುದು ಬೇಡ, ಹನ್ನೊಂದನ್ನೂ ನಾನೇ ಹೊಲಿದುಕೊಡುತ್ತೇನೆಂದು ಗೆಳೆಯರೆದುರು ಜಂಬ ಕೊಚ್ಚಿದರಂತೆ. ತಂಡದ ದಪ್ಪನೆಯ ಆಟಗಾರನೊಬ್ಬನಿಗೆ ಕಚಗುಳಿ ಹೆಚ್ಚು. ಅಳತೆಯ ಟೇಪು ಕಂಕುಳ ಕೆಳಗೆ ಹೋದೊಡನೆ ನಗುತ್ತ ಮೈ ಕುಗ್ಗಿಸಿಕೊಂಡನಂತೆ. ಆ ಕುಗ್ಗಿದ ಅಳತೆಯನ್ನೇ ಬರೆದುಕೊಂಡು ಇವರು ಬಟ್ಟೆ ಕತ್ತರಿಸಿದರು. ಫೈನಲ್ಲಿನ ಹಿಂದಿನ ದಿನ ನೋಡಿದರೆ ಅಂಗಿ ಅವನ ಭುಜಕ್ಕೇ ಇಳಿಯಲಿಲ್ಲ. ಬಿಚ್ಚಿ ಅಗಲ ಮಾಡಹೋಗಿ ಅದೂ ಹರಿದುಹೋಯಿತು. ತಮಗಾಗಿ ಉಳಿಸಿಕೊಂಡಿದ್ದ ಬಟ್ಟೆಯಲ್ಲಿ ಅವನಿಗೆ ಇನ್ನೊಂದನ್ನು ಹೊಲಿದರು. ತಮಗೆ ಉಳಿದದ್ದು ಚೂರುಪಾರು. ತಂಡದ ಅಂಗಿ ಇಲ್ಲದವನು ಗೆರೆ ದಾಟುವಂತಿಲ್ಲವೆಂಬುದು ಶೀಲ್ಡಿನ ನಿಯಮ.

"ಎಲ್ರಿಗೂ ಹೊಲಿದವನಿಗೇ ಅಂಗಿ ಇಲ್ಲ ಅಂದ್ರೆ ನಗಲ್ವೇನಪ್ಪಾ? ಹತ್ತು ಅಂಗೀನ ಅಪ್ಪನ ಕೈಲಿ ಕಳಿಸಿ, ಬಾಗಿಲು ಹಾಕ್ಕೊಂಡು ಕೂತೆ. ಎಣಿಸಿದ್ದು ಕೇಳ್ತು. ಇನ್ನೊಬ್ಬ ಎಲ್ಲಿ ಅಂತ ಕೂಗಿದ್ದೂ ಕೇಳ್ತು. ಯಾರೋ ಬಂದು ಬಾಗಿಲು ಬಡಿದ್ರು. ಅಣಕಿಸೋಕೆ ಬಂದಿದ್ದಾರೆ ಅಂತ ಉಸಿರು ಬಿಗಿ ಹಿಡ್ಕೊಂಡೆ. ಮಾರನೇ ದಿನಾನೇ ಮಾವನ ಊರಿಗೆ ಹೋದೆ. ನಾಲ್ಕು ವರ್ಷ ಬಿಟ್ಟು ಬಂದಾಗ ಕಾಲೇಜಲ್ಲಿ ನನ್ನ ಗುರುತು ಹಿಡಿಯೋರು ಯಾರೂ ಉಳಿದಿರ್ಲಿಲ್ಲ. ಕೂಗು ಮಾತ್ರ ಉಳಿದಿತ್ತು."

ಶನಿವಾರ ಬೆಳಿಗ್ಗೆ ಅಕ್ಕನ ತೋಳು ಹಿಡಿದು ಬಂದ ಅವರ ತಂದೆ ಎತ್ತರದ ಆಳು. ಮೊಣಕಾಲು ಮಾತ್ರ ಸೋತಿತ್ತು. ಹೊಸ್ತಿಲಲ್ಲಿ ನಿಂತು ಬಾಗಿಲಿನ ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮಾಸ್ಟರನ್ನು ನೋಡಿದರು. ಕಂಡಕ್ಟರ್ ಎದ್ದು ನಿಂತು, ಅಂಗಿಯ ಜೇಬಿನಿಂದ ಕಾಗದ, ಪೆನ್ನು ತೆಗೆದ.

"ಹೇಳಿಬಿಡಿ ಯಜಮಾನ್ರೇ. ಒಬ್ಬ ಹೆದರಿ ಓಡಿದ್ದು ನಿಜಾನಾ?"

"ಅದು ಗೊತ್ತಿಲ್ಲಪ್ಪ. ನಾನು ಕಂಡಿದ್ದಷ್ಟು ಹೇಳ್ತೀನಿ," ಎಂದು ಮುದುಕರು ಬೆಂಚಿನ ನಡುವೆ, ಯಾರೂ ಕೂರದ ಜಾಗದಲ್ಲಿ, ಕುಳಿತುಕೊಂಡರು. "ರೆಫರಿ ನಿಮ್ಮೋರನ್ನ ಸಾಲಲ್ಲಿ ನಿಲ್ಲಿಸಿ ಗಟ್ಟಿಯಾಗಿ ಎಣಿಸಿದ. ಹತ್ತು. ಇನ್ನೊಬ್ಬ ಎಲ್ಲಿ ಅಂತ ಕೇಳ್ದ. ಅವನ ಜೊತೆಗೆ ನಮ್ಮ ಹುಡುಗ್ರೂ ಕೇಳಿದ್ರು. ಅಣಕಿಸೋಕಲ್ಲ. ನಮಗೂ ಹನ್ನೊಂದು ಜನರ ಮೇಲೆ ಗೆಲ್ಬೇಕು ಅನ್ನೋ ಆಸೆ ಇರಲ್ವಾ? ಅರ್ಧ ಗಂಟೆ ಟೈಮ್ ಕೊಡಿ, ಹುಡುಕ್ಕೊಂಡು ಬರ್ತೀನಿ ಅಂತ ರೆಫರಿ ಹತ್ರ ನಾನೇ ಬೇಡ್ಕೊಂಡೆ."

ಮಾಸ್ಟರ್ ಪೆಡಲ್ಲಿನ ಮೇಲಿಂದ ಕಾಲು ತೆಗೆದರು.

"ಹೊಲಿಗೆಯವರ ಮಗ ಅಂತ ಗೊತ್ತಿತ್ತು. ಬೇಲಿ ಹಾರಿ ಬಂದು ಈ ಬಾಗಿಲು ಬಡಿದೆ. ಮೂರು ಸಲ. ಒಳಗೆ ಮಿಷನ್ನು ಓಡ್ತಿತ್ತು. ನಾನು ಬಡಿದ ತಕ್ಷಣ ನಿಂತುಹೋಯ್ತು. ಯಾವನಿಗೆ ಏನು ಕಷ್ಟವೋ ಅಂತ ವಾಪಸ್ ಹೋದೆ. ಹೋಗಿ ನನ್ನ ಅಂಗಿ ಬಿಚ್ಚಿಟ್ಟು ಗೆರೆ ಹೊರಗೆ ಕೂತೆ. ಅವರು ಹತ್ತು, ನಾವೂ ಹತ್ತು. ಒಂದು ಗೋಲಲ್ಲಿ ನೀವು ಗೆದ್ರಿ."

ಅಕ್ಕ ತಂದೆಯ ಕಡೆಗೆ ತಿರುಗಿದರು.

"ಅಪ್ಪಾ... ಫೈನಲ್ಲಿ ನೀವು ಆಡ್ಲೇ ಇಲ್ವಾ? ಇಷ್ಟು ವರ್ಷ ನನಗೂ ಹೇಳ್ಲಿಲ್ವಲ್ಲ!"

"ಸೋತಿದ್ನಲ್ಲಮ್ಮ. ಸೋತ ಮೇಲೆ ಹೇಳಿದ್ರೆ ನೆಪ ಹೇಳಿದ ಹಾಗಿರುತ್ತೆ. ನಮ್ಮ ಹುಡುಗ್ರಿಗೆ ನನ್ನ ಮೇಲೆ ಎಷ್ಟು ಸಿಟ್ಟು ಅಂದ್ರೆ, ಮತ್ತೆ ನನ್ನ ಕ್ಯಾಪ್ಟನ್ ಮಾಡ್ಲೇ ಇಲ್ಲ. ಆ ಸಿಟ್ಟೇ ಬರ್ತಾ ಬರ್ತಾ ಅಣಕದ ಕೂಗಾಯ್ತು. ಹತ್ತು ಮಂದಿ ಅಂತ ಆವತ್ತು ಊರು ಕರೆದಿದ್ದು ಎರಡೂ ತಂಡದೋರನ್ನ, ಆ ಕಡೆ ಹತ್ತು, ಈ ಕಡೆ ಹತ್ತು."

ಕಂಡಕ್ಟರ್ ಪೆನ್ನು ಹಿಡಿದು ನಿಂತೇ ಇದ್ದ. ಕಾಗದದ ಮೇಲೆ ಒಂದಕ್ಷರವೂ ಬಿದ್ದಿರಲಿಲ್ಲ.

ಮಾಸ್ಟರ್ ಎದ್ದರು. ಈ ಸಂಜೆಯೊಳಗೆ ಹೆಸರು ಹೋಗಿಬಿಟ್ಟರೆ ನೆಮ್ಮದಿಯೆಂದು ವಾರವಿಡೀ ಕಾದವರು ಅವರು. ಮಾಸ್ಟರ್ ಬಾಯಿ ಮುಚ್ಚಿಕೊಂಡಿದ್ದರೆ ಮುದುಕರೂ ಮುಂದೆ ಏನನ್ನೂ ಹೇಳುತ್ತಿರಲಿಲ್ಲವೆಂದು ನನಗೆ ಈಗಲೂ ಅನಿಸುತ್ತದೆ. ಮುದುಕರ ನೋಟದಲ್ಲಿ ಒತ್ತಾಯವಿರಲಿಲ್ಲ. ಮಾಸ್ಟರ್ ಎರಡನೆಯ ಮಿಷನ್ನಿನ ಬಳಿಗೆ ಹೋಗಿ ಅದರ ಹೊದಿಕೆಯನ್ನು ಎಳೆದರು. ದಿನವೂ ಅಂಗಡಿ ಮುಚ್ಚುವಾಗ ನಾನೇ ಹೊದಿಸುತ್ತಿದ್ದ, ಚೂರುಗಳನ್ನು ಕೂಡಿಸಿ ಹೊಲಿದ, ಬಣ್ಣಗೆಟ್ಟ ಹಳೆಯ ಬಟ್ಟೆ. ಮೇಜಿನ ಮೇಲೆ ಅದನ್ನು ಹರಡಿ ಸರಿಪಡಿಸಿದಾಗ ಕತ್ತು ಕಾಣಿಸಿತು, ಎದೆ ಕಾಣಿಸಿತು, ಒಂದು ತೋಳು ಕಾಣಿಸಿತು. ಏಳು ತಿಂಗಳಿಂದ ನಾನು ಮುಟ್ಟುತ್ತಿದ್ದುದು ಒಂದು ಅಂಗಿಯನ್ನು.

"ಇದನ್ನ ಹೊಲೀತಿದ್ದೆ," ಎಂದರು ಮಾಸ್ಟರ್. "ಚೂರು ಕೂಡ್ಸಿ ಕೂಡ್ಸಿ. ಇನ್ನೊಂದು ತೋಳು ಬಾಕಿ ಇತ್ತು. ನೀವು ಬಾಗಿಲು ಬಡಿದ್ರಿ."

ಮುದುಕರು ಮುಂದಕ್ಕೆ ಬಾಗಿ ಆ ಅಂಗಿಯನ್ನು ಮುಟ್ಟಿದರು. ಹೆಬ್ಬೆರಳಗಲದ ಚೂರುಗಳು ಕೂಡ ಅದರಲ್ಲಿದ್ದವು. ಒಂದೊಂದು ಸೇರುವೆಯ ಮೇಲೂ ಅವರ ಬೆರಳು ಮೆಲ್ಲಗೆ ಹಾದುಹೋಯಿತು. ಹತ್ತೊಂಬತ್ತರ ಹುಡುಗನೊಬ್ಬ ಗೋಡೆಯಾಚೆಯ ಕೂಗನ್ನು ಕೇಳುತ್ತಲೇ, ಸಮಯ ಮೀರುತ್ತಿದ್ದರೂ ಬಿಡದೆ, ಇಂತಹ ನೇರವಾದ ಹೊಲಿಗೆ ಹಾಕಿದ್ದನೆ! ಮುದುಕರ ಕಣ್ಣಲ್ಲಿ ನಾನು ಕಂಡದ್ದು ಕರುಣೆಯಲ್ಲ. ಭಾರಿ ಆಟವೊಂದನ್ನು ಕಂಡವರ ಬೆರಗು.

"ನೀನು ಓಡ್ಲಿಲ್ಲವಲ್ಲೋ!" ಎಂದರು. "ಬರೋಕೆ ಹೊರಟಿದ್ದೆ. ಸರಿ, ಕೂತ್ಕೋ. ತೋಳು ಹಚ್ಚು. ನಾನು ಕಾಯ್ತೀನಿ."

ಮಾಸ್ಟರ್ ಹೊಸ ಥಾನಿನ ಉಳಿಕೆಯಿಂದ ಒಂದು ತೋಳು ಕತ್ತರಿಸಿದರು. ಹಳೆಯದು ಒಣಗಿದ ಇಟ್ಟಿಗೆಯ ಬಣ್ಣ, ಹೊಸದು ಕಡುಗೆಂಪು. ಮಿಷನ್ನು ಓಡಿತು. ನಾವು ನಾಲ್ವರೂ ಸೂಜಿಯನ್ನೇ ನೋಡಿದೆವು. ಮೂವತ್ತಾರು ವರ್ಷ ಬಾಕಿ ಉಳಿದಿದ್ದ ಆ ಕೆಲಸ ಮುಗಿಯಲು ಕಾಲು ಗಂಟೆಯೂ ಹಿಡಿಯಲಿಲ್ಲ. ದಾರ ಕಚ್ಚಿ ತುಂಡರಿಸಿ ಮಾಸ್ಟರ್ ಅಂಗಿಯನ್ನು ಮುದುಕರ ಮಡಿಲಲ್ಲಿಟ್ಟರು.

"ಮಾಸ್ಟ್ರೇ," ಎಂದ ಕಂಡಕ್ಟರ್, ಕಾಗದವನ್ನು ನಾಲ್ಕಾಗಿ ಹರಿದು. "ಅಕ್ಷರ ಕತ್ತರಿಸಿ. ಹತ್ತು ಮಂದಿ ಅಂತಾನೇ. ಅಧ್ಯಕ್ಷರಿಗೆ ನಾನು ಹೇಳ್ಕೋತೀನಿ."

ಭಾನುವಾರ ನಾವು ಬೇಲಿ ದಾಟಿ ಒಳಗೆ ಹೋದೆವು. ಗೆರೆಯ ಹೊರಗೆ ಹಲಗೆಯೊಂದನ್ನು ಹಾಕಿಸಿ, ತಾವು ಅಂದು ಕುಳಿತಿದ್ದ ಜಾಗ ಇದೇ ಎಂದು ಮುದುಕರು ಮಾಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅಂಗಿ ಮಾಸ್ಟರ ತೊಡೆಯ ಮೇಲಿತ್ತು. ದಿಬ್ಬದ ತಂಡ ಸಾಲಾಗಿ ನಿಂತಿತು. ಎದುರಿನ ಗ್ಯಾಲರಿ ಬೆರಳು ಚಾಚಿತು. ಗೋಡೆಯ ಮರೆಯಿಲ್ಲದೆ ಕೇಳಿದಾಗ ಆ ಎಣಿಕೆ ನೆಲದೊಳಗಿಂದ ಎದ್ದು ಬಂದಂತಿತ್ತು. ಎಂಟು. ಒಂಬತ್ತು. ಹತ್ತು.

"ಇನ್ನೊಬ್ಬ ಎಲ್ಲಿ?"

'ಹತ್ತೇ ಸಾಕು' ಎಂಬ ಕೂಗನ್ನು ಪ್ರತಿ ವರ್ಷವೂ ಎಬ್ಬಿಸುತ್ತಿದ್ದವನು ಕಂಡಕ್ಟರ್. ಬಸ್ಸಿನ ಸದ್ದನ್ನು ಮೀರಿಸಲು ಪಳಗಿದ ಆ ಗಂಟಲು ಅಂದು ಏಳಲಿಲ್ಲ. ಅವನು ಕೂಗದಿದ್ದುದರಿಂದ ಅವನ ಹಿಂದಿದ್ದವರು ಯಾರೂ ಕೂಗಲಿಲ್ಲ. ಆ ದೊಡ್ಡ ಪ್ರಶ್ನೆ ಮೊದಲ ಸಲ ಉತ್ತರವಿಲ್ಲದೆ ಮೈದಾನದ ಮೇಲೆ ನಿಂತಿತು.

ಮಾಸ್ಟರ್ ಎದ್ದು ನಿಂತು ಅಂಗಿಯನ್ನು ಎದೆಗೆ ಹಿಡಿದುಕೊಂಡರು.

"ಇಲ್ಲಿದ್ದೀನಿ," ಎಂದರು.

ಮೆಲ್ಲನೆಯ ದನಿ. ಕೇಳಿಸಿದ್ದು ಮುದುಕರಿಗೆ, ಅಕ್ಕನಿಗೆ, ನನಗೆ. ಬಹುಶಃ ಗೆರೆಯ ಬಳಿ ಕಾಯುತ್ತಿದ್ದ ಹನ್ನೊಂದನೆಯ ಹುಡುಗನಿಗೂ, ಏಕೆಂದರೆ ಅವನೊಮ್ಮೆ ತಿರುಗಿ ನೋಡಿ ಆಮೇಲೆ ಓಡಿದ.

ಪಂದ್ಯವನ್ನು ಹೊಳೆ ಕಾಲೇಜು ಗೆದ್ದಿತು. ಎರಡನೆಯ ಗೋಲು ಆಫ್‌ಸೈಡೆಂದು ಕಂಡಕ್ಟರನೂ, ಅವನ ಕಣ್ಣಿಗೆ ಹಾಕಲು ತಮ್ಮ ಅಂಗಡಿಯಲ್ಲಿ ಔಷಧಿಯಿದೆಯೆಂದು ಅಕ್ಕನೂ ಸೋಮವಾರ ಬೆಂಚಿನ ಎರಡು ತುದಿಗಳಿಂದ ವಾದಿಸಿದರು. ಸಂಜೆ ಅಂಗಡಿ ಮುಚ್ಚುವಾಗ ಎರಡನೆಯ ಮಿಷನ್ನಿಗೆ ಹೊದಿಸಲು ಅಭ್ಯಾಸಬಲದಿಂದ ಕೈ ಚಾಚಿದೆ. ಅಲ್ಲಿ ಏನೂ ಇರಲಿಲ್ಲ. ಮಾಸ್ಟರ್ ತಮ್ಮ ಹೆಗಲ ಮೇಲಿದ್ದ ಟವೆಲನ್ನು ತೆಗೆದು ನನ್ನತ್ತ ಎಸೆದರು.

"ಇವತ್ತಿಂದ ಇದನ್ನ ಹೊದಿಸಪ್ಪ," ಎಂದರು.