ಹಸಿರು ಸೀರೆಯ ಮೇಲ್ಕಟ್ಟು

ಆಂಬುಲೆನ್ಸಿನ ಹಿಂಬಾಗಿಲು ತೆರೆದು ಸ್ಟ್ರೆಚರ್ ಇಳಿಸುತ್ತಿದ್ದಂತೆಯೇ ಗಂಗುಲಮ್ಮ ಓಡಿಬಂದು ಮನೆಯ ಬಾಗಿಲಿಗೆ ಅಡ್ಡ ನಿಂತಳು. ಗಂಡನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಎರಡೂ ಕೈಗಳಿಂದ ಬಾಗಿಲುವಾಡ ಹಿಡಿದುಕೊಂಡಳು.

"ಒಳಕ್ಕೆ ತರ್ಬೇಡ್ರಪ್ಪ. ಅಲ್ಲೇ ಆಚೆ ಮಲಗ್ಸಿ."

"ಒಳಕ್ಕೆ ಯಾರು ತರ್ತಾರೆ ಅತ್ತಿಗೆ," ಎಂದ ಗಂಗರಾಜು. ಅವನು ತೀರಿಕೊಂಡ ಆವುಲಪ್ಪನ ತಮ್ಮ. "ಆಸ್ಪತ್ರೇಲಿ ಹೋದೋರ್ನ ಹೊಸಲು ದಾಟಿಸ್ತಾರಾ? ಅಷ್ಟೂ ಗೊತ್ತಿಲ್ವಾ ನಮ್ಗೆ?"

ಗೊತ್ತಿಲ್ಲದವರು ದಿಬ್ಬೂರಹಳ್ಳಿಯ ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಮನೆಯಲ್ಲಿ ಪ್ರಾಣ ಬಿಟ್ಟವರನ್ನು ಹಾಲ್‌ನಲ್ಲಿ ಮಲಗಿಸುತ್ತಾರೆ, ಊರೆಲ್ಲ ಒಳಗೆ ಬಂದು ಸುತ್ತ ಕೂತು ಅಳುತ್ತದೆ. ಹೊರಗೆ ಪ್ರಾಣ ಬಿಟ್ಟವರು ಹೊರಗೇ, ಶಾಮಿಯಾನದ ಕೆಳಗೆ. ಸತ್ತವರ ಮೇಲೆ ಎಷ್ಟೇ ಮರುಕವಿದ್ದರೂ ಪದ್ಧತಿಯ ವಿಷಯದಲ್ಲಿ ಜನ ಬಲು ಕಟ್ಟುನಿಟ್ಟು, ಬೇರೆಯವರ ಮನೆಯ ಸಾವಾದರಂತೂ ಕೇಳುವುದೇ ಬೇಡ.

ಆದರೆ ಪದ್ಧತಿಗಾಗಿ ಇಷ್ಟು ಗಾಬರಿ ಬೇಕಿರಲಿಲ್ಲ. ಅಮ್ಮನ ಕಣ್ಣು ಗಂಡನ ಕಡೆಗಲ್ಲ, ಹಿಂದೆ ಹಾಲ್‌ನ ಕಡೆಗೇ ಹೋಗುತ್ತಿದ್ದುದನ್ನು ತನುಜ ನೋಡಿದಳು. ಆಂಬುಲೆನ್ಸಿನಲ್ಲಿ ಅಪ್ಪನ ಪಕ್ಕ ಕೂತು ಬಂದವಳು ಅವಳೇ. ಆವುಲಪ್ಪನ ಒಬ್ಬಳೇ ಮಗಳು, ಚಿಂತಾಮಣಿಯಲ್ಲಿ ಶಾಲೆಯ ಮೇಡಂ.

"ಅಮ್ಮ, ಬಾ. ಅಪ್ಪನ ಮುಖ ನೋಡು."

"ನೋಡ್ತೀನಿ. ಮೊದ್ಲು ಯಾರೂ ಒಳಕ್ಕೆ ಹೋಗ್ದಂಗೆ ನೋಡ್ಕೊಳಮ್ಮ."

ಪಕ್ಕದ ಮನೆಯ ಅನಸೂಯಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದವಳು ಒಂದು ಗಳಿಗೆ ಅಳು ನಿಲ್ಲಿಸಿದಳು. "ಗಂಡ ಹೋದ ಅಂತ ಇಲ್ಲ, ಮನೆ ಕಾಯೋ ಚಿಂತೆ ನೋಡು ಇವಳ್ಗೆ," ಎಂದು ಪಕ್ಕದವಳ ಕಿವಿಯಲ್ಲಿ ಹೇಳಿ, ಮತ್ತೆ ಅಳಲು ಶುರುಮಾಡಿದಳು. ತನುಜಳಿಗೆ ಆ ಮಾತು ಕೇಳಿಸಿತು. ಅವಳಿಗೂ ಹಾಗೇ ಅನ್ನಿಸಿತ್ತು.

*

ಆಸ್ಪತ್ರೆಗೆ ಹೋಗಲೇಬೇಕೆಂದು ಹಟ ಹಿಡಿದವನು ಆವುಲಪ್ಪನೇ. ಶ್ವಾಸಕೋಶ ಸಂಪೂರ್ಣ ಕೈಕೊಟ್ಟಿತ್ತು. ಇನ್ನು ಮನೆಯಲ್ಲೇ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಅವನ ಮಂಚ ಹಾಲ್‌ನ ನಡುವೆ ಇತ್ತು. ಮೇಲೆ, ತಾರಸಿಗೆ ಅಡ್ಡವಾಗಿ, ಗಂಗುಲಮ್ಮನ ಹಳೆಯ ಹಸಿರು ಸೀರೆಯ ನಾಲ್ಕು ಮೂಲೆಗಳನ್ನು ಎಳೆದು ಮೇಲ್ಕಟ್ಟು ಕಟ್ಟಿತ್ತು. ಹಲ್ಲಿ ಬೀಳುತ್ತೆ ಎಂದು ಅವನೇ ಕಟ್ಟಿದ್ದು. ಘಟ್ಟದ ದಾರಿಯಲ್ಲಿ ರಾತ್ರಿಯೆಲ್ಲ ಲಾರಿ ಓಡಿಸಿದ ಗಂಡಸು ಹಲ್ಲಿಗೆ ಹೆದರುತ್ತಾನಲ್ಲ ಎಂದು ಮನೆಯವರೆಲ್ಲ ನಕ್ಕಿದ್ದರು. ಹೆಂಡತಿಯ ಹಾಸಿಗೆಯನ್ನು ಅವನು ಹಿಂದಿನ ಅಡುಗೆಮನೆಗೆ ಹಾಕಿಸಿದ್ದ. ಅದು ಆಮೇಲೆ ಸೇರಿಸಿದ ಕೋಣೆ, ಮೇಲೆ ಬರೀ ಶೀಟು. ಈ ವಯಸ್ಸಿನಲ್ಲಿ ಬೇರೆ ಬೇರೆ ಮಲಗುವಂಥ ಜಗಳವೇನು ಇವರದು ಎಂದು ತನುಜ ಬೇಸರಪಟ್ಟುಕೊಂಡಿದ್ದಳು.

"ತನುಜಮ್ಮ, ನನ್ನ ಇಲ್ಲಿ ಸಾಯಕ್ಕೆ ಬಿಡಬೇಡಮ್ಮ."

"ಹಂಗೆಲ್ಲ ಮಾತಾಡ್ಬೇಡಪ್ಪ."

"ಆಸ್ಪತ್ರೆಗೆ ಸೇರ್ಸು. ಕೈ ಮುಗೀತೀನಿ."

"ಎಲ್ರೂ ಮನೇಲೇ ಕಣ್ಮುಚ್ಬೇಕು ಅಂತಾರೆ. ನಾನು ಇದೀನಿ, ಅಮ್ಮ ಅವ್ಳೆ. ಇನ್ನೇನು ಬೇಕಪ್ಪ ನಿಂಗೆ?"

ಅವನ ಕಣ್ಣು ಮೇಲಕ್ಕೆ, ಹಸಿರು ಸೀರೆಯ ಕಡೆಗೆ ಹೋಗಿ ಅಲ್ಲೇ ನಿಂತಿತು. ಆ ಕಣ್ಣಲ್ಲಿದ್ದ ಭಯವನ್ನು ತನುಜ ಸಾವಿನ ಭಯ ಅಂದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅವ್ರು ಹೇಳ್ದಂಗೆ ಮಾಡು. ಕರ್ಕೊಂಡು ಹೋಗು," ಎಂದಳು. ಇಷ್ಟು ವರ್ಷ ಬಾಳಿದವಳು ಇಷ್ಟು ಸಲೀಸಾಗಿ ಹಾಗೆಂದಳಲ್ಲ ಎಂದುಕೊಳ್ಳುತ್ತಲೇ ತನುಜ ಆಂಬುಲೆನ್ಸಿಗೆ ಫೋನು ಮಾಡಿದ್ದಳು.

*

ಶಾಮಿಯಾನದ ಕೆಳಗೆ, ಬೆಂಚಿನ ಮೇಲೆ ಮಲಗಿಸಿದ ಆವುಲಪ್ಪನ ಕಾಲ ಬಳಿ ತನುಜ ಕೂತಿದ್ದಳು. ಅವಳ ಪುಟ್ಟ ಮಗಳು ಗೌತಮಿ ಹೆಂಗಸರಲ್ಲಿ ಯಾರದೋ ತೊಡೆಯ ಮೇಲೆ ತೂಕಡಿಸುತ್ತಿದ್ದಳು. ಗೌರಿಬಿದನೂರಿನ ನೆಂಟರು ಇನ್ನೂ ದಾರಿಯಲ್ಲಿದ್ದರು. ಚೆನ್ನೈ ಕಡೆ ಚಂಡಮಾರುತ ಎದ್ದಿದೆಯೆಂದು ಟಿವಿಯಲ್ಲಿ ಹೇಳುತ್ತಲೇ ಇದ್ದರು. ಬೆಳಗಿನಿಂದ ಬಿಸಿಲೇ ಇರಲಿಲ್ಲ.

"ಸಮುದ್ರ ಎಲ್ಲೋ, ನಾವೆಲ್ಲೋ. ಮಳೆ ಮಾತ್ರ ನಮ್ಮ ತಲೆ ಮೇಲೆ," ಎಂದು ಗಂಗರಾಜು ಮೋಡ ನೋಡಿದ. "ನಮ್ಮಣ್ಣ ಒಬ್ನೇ ಈ ಬೀದಿಗೆಲ್ಲ ಸಮುದ್ರ ಕಂಡೋನು."

"ನಾನೂ ಕಂಡಿದೀನಿ ಚಿಕ್ಕಪ್ಪ," ಎಂದಳು ತನುಜ.

*

ಆಗ ಅವಳಿಗೆ ಎಂಟು ವರ್ಷ. ಇಲ್ಲಿಂದ ಟೊಮೇಟೊ ತುಂಬಿಕೊಂಡು ಮಲ್ಪೆಗೆ, ಅಲ್ಲಿಂದ ಮೀನು ತುಂಬಿಕೊಂಡು ಬೆಂಗಳೂರಿಗೆ, ಇದು ಅಪ್ಪನ ಓಡಾಟ. ಆ ಸಲ ಅವಳನ್ನೂ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡಿದ್ದ. ಮಳೆಗಾಲ, ದೋಣಿಗಳು ಕಡಲಿಗೆ ಇಳಿಯದ ಸಮಯ. ವಾಪಸು ಬರಲು ಮೀನಿರಲಿಲ್ಲ, ಲಾರಿ ಖಾಲಿ.

ದಡದ ಹತ್ತಿರ ಹಳೆಯ ಐಸ್ ಫ್ಯಾಕ್ಟರಿಯೊಂದನ್ನು ಕೆಡವುತ್ತಿದ್ದರು. ಇನ್ನೂ ನಿಂತಿದ್ದ ಅರ್ಧ ತಾರಸಿಯ ಅಡಿಯಲ್ಲಿ ಸಿಮೆಂಟು ಕಳಚಿ, ಕಂಬಿಗಳು ಬಡಕಲು ಹಸುವಿನ ಪಕ್ಕೆಲುಬುಗಳಂತೆ ಕಾಣುತ್ತಿದ್ದವು. ಅವಳು ಅಪ್ಪನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕಪ್ಪ ಹಿಂಗಾಗೈತೆ?"

"ಉಪ್ಪು ಗಾಳಿ ಕಣಮ್ಮ. ಸಿಮೆಂಟ್ ಒಳಕ್ಕೂ ಇಳೀತದೆ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ತದೆ, ಉಬ್ಬಿದ್ರೆ ಮೋಲ್ಡ್ ಸೀಳ್ತದೆ. ನಮ್ಮ ಕಡೆ ಎರಡು ತಲೆಮಾರು ಬಾಳೋ ತಾರಸಿ ಇಲ್ಲಿ ಒಂದು ತಲೆಮಾರೂ ಬಾಳಲ್ಲ."

"ಆ ಗಾಳಿ ನಮ್ಮೂರಿಗೂ ಬರ್ತದಾ?"

ಅಪ್ಪ ನಕ್ಕ. "ನಮ್ಮೂರಿಗೆ ಉಪ್ಪು ಬರೋದು ಅಂಗಡಿಯಿಂದ, ಪೊಟ್ಟಣ ಕಟ್ಕೊಂಡು."

ಕೆಡವಿದ ರಾಶಿಯಿಂದ ಗಟ್ಟಿಯಾಗಿ ಕಂಡ ಕಂಬಿಗಳನ್ನು ಅವನೇ ಆರಿಸಿದ, ಖಾಲಿ ಲಾರಿಗೆ ತುಂಬಿದ. ಊರಿಗೆ ತಂದು ಅಂಗಳದಲ್ಲಿ ಕೂತು ಬ್ರಷ್ಷಿನಿಂದ ಒಂದೊಂದನ್ನೂ ಉಜ್ಜಿದ. ಉಪ್ಪು ಗಾಳಿಯಲ್ಲಿದೆ, ಗಾಳಿ ಅಲ್ಲೇ ಉಳಿಯಿತು, ಕಬ್ಬಿಣ ನಮ್ಮದಾಯಿತು ಎಂದು ನಂಬಿದ್ದ. ಬೀದಿಯಲ್ಲಿ ಮೊದಲ ತಾರಸಿ ಮನೆ ಅವನದೇ ಆಯಿತು. ತಾರಸಿಯ ಮೋಲ್ಡ್ ಹಾಕಿದ ದಿನ ಊರಿಗೆಲ್ಲ ಊಟ ಹಾಕಿಸಿ, ಬಂದವರಿಗೆಲ್ಲ ಮೇಲೆ ಕೈ ತೋರಿಸಿ, "ಹಡಗಿನ ಊರಿನ ಕಂಬಿ" ಎಂದು ಬೀಗಿದ್ದ. ಆ ಮಾತನ್ನು ಬೀದಿಯವರು ಈಗಲೂ ನೆನೆಯುತ್ತಾರೆ.

*

ಮಳೆ ಹೇಳದೆ ಕೇಳದೆ ಬಂತು. ಒಂದೇ ಗಾಳಿಗೆ ಶಾಮಿಯಾನದ ಎರಡು ಕಂಬ ಬಿದ್ದವು. ಹೆಂಗಸರು, ಮಕ್ಕಳು ತಲೆಯ ಮೇಲೆ ಸೆರಗು, ಚೀಲ, ಸಿಕ್ಕಿದ್ದು ಹೊತ್ತು ಹಾಲ್‌ಗೆ ನುಗ್ಗಿದರು. ಗಂಗುಲಮ್ಮ ತಡೆಯಲು ಹೋಗಿ ಗೋಡೆಗೆ ಒತ್ತರಿಸಿಹೋದಳು. ಮೂರ್ನಾಲ್ಕು ಗಂಡಸರು ಶಾಮಿಯಾನದ ಜಾಗಕ್ಕೆ ಟಾರ್ಪಾಲು ಕಟ್ಟಿ ಹಗ್ಗ ಬಿಗಿಯಲು ತಾರಸಿಗೆ ಏಣಿ ಹತ್ತಿದರು.

"ಪದ್ಧತಿ ಹಾಳಾಗ್ಲಿ, ನಮ್ಮಣ್ಣ ನೆನೀತಾವ್ನೆ," ಎಂದ ಗಂಗರಾಜು. "ಎತ್ರಪ್ಪ, ಒಳಕ್ಕೆ ಎತ್ರಿ."

ಹೆಣ ಹೊತ್ತವರು ಹೊಸಲ ಬಳಿ ಬಂದಾಗ ಗಂಗುಲಮ್ಮ ಅಲ್ಲೇ ನೆಲದ ಮೇಲೆ ಅಡ್ಡ ಕೂತುಬಿಟ್ಟಳು.

"ಅತ್ತಿಗೆ, ನಿಮ್ಗೇನು ಕರುಳಿಲ್ವಾ?"

"ಮೋಲ್ಡ್ ಬೀಳ್ತದೆ ಕಣೋ ಗಂಗರಾಜು. ಇವ್ರನ್ನೆಲ್ಲ ಆಚೆ ಕಳ್ಸೋ."

"ಏನಂದ್ರಿ?"

"ಆ ಕಂಬಿ ಎಲ್ಲ ಒಳಗೇ ಪುಡಿ ಆಗೈತೆ. ಮೇಸ್ತ್ರಿ ಬಂದು ಬಡಿದು ನೋಡಿ, ಪೂರ್ತಿ ತೆಗೀಬೇಕು ಅಂದ. ಇವ್ರು ಯಾರಿಗೂ ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ್ರು. ತಾನೇ ಹೊತ್ತು ತಂದ ಕಂಬಿ, ಏನಂತ ಹೇಳಾದು ಅಂತ ನಾಚಿಕೆ. ಯುಗಾದಿ ಆಗ್ಲಿ, ದೀಪಾವಳಿ ಆಗ್ಲಿ ಅಂತ ತಳ್ಕೊಂಡು ಬಂದ್ರು." ಅವಳು ಉಸಿರು ಎಳೆದುಕೊಂಡಳು. "ಆಸ್ಪತ್ರೆಗೆ ಯಾಕೋದ್ರು ಅನ್ಕೊಂಡೆ? ಮನೇಲಿ ಸತ್ರೆ ಹಾಲ್‌ನಾಗೆ ಮಲಗಿಸ್ತಾರೆ, ಊರೆಲ್ಲ ಬಂದು ಇದ್ರ ಕೆಳಗೆ ಕೂತ್ಕೊತದೆ. ನನ್ ಹೆಣ ನೋಡಕ್ಕೆ ಬಂದೋರು ಹೆಣ ಆಗ್ಬಾರ್ದು ಗಂಗುಲು, ಅಂದ್ರು."

ಗಂಗರಾಜು ನಂಬಲಿಲ್ಲ. ಅತ್ತಿಗೆಗೆ ತಲೆ ಕೆಟ್ಟಿದೆ ಎಂಬಂತೆ ಸುತ್ತ ನೋಡಿದ. ಆದರೆ ತನುಜ ಆಗಲೇ ಒಳಗೆ ನುಗ್ಗಿದ್ದಳು. ಮೂಲೆಯಲ್ಲಿದ್ದ, ಜೇಡರಬಲೆ ತೆಗೆಯುವ ಕೋಲನ್ನು ತೆಗೆದುಕೊಂಡು ಹಸಿರು ಸೀರೆಯ ನಡುವಿಗೆ ಕೊಟ್ಟು ಮೆಲ್ಲಗೆ ಎತ್ತಿದಳು. ಸೀರೆ ಮೇಲೇಳಲಿಲ್ಲ. ತುಂಬಿದ ರಾಗಿ ಮೂಟೆಯಷ್ಟು ಭಾರವಿತ್ತು. ಒಳಗೆ ಕಲ್ಲುಗಳು ಕರಕರ ಎಂದು ಒಂದರ ಮೇಲೊಂದು ಸರಿದವು. ಸೀರೆಯ ನೆಯ್ಗೆಯಿಂದ ಕೆಂಪು ಪುಡಿ ಉದುರಿ ಅವಳ ಕಣ್ಣಿಗೆ ಬಿತ್ತು.

ಕಣ್ಣುಜ್ಜಿಕೊಂಡು ನೋಡಿದರೆ, ಆ ಸೀರೆಯ ನೇರ ಕೆಳಗೆ, ತಾತನ ಮಂಚದ ಮೇಲೆ, ಗೌತಮಿ ನಿದ್ದೆ ಹೋಗಿದ್ದಳು. ಯಾರು ಯಾವಾಗ ಮಲಗಿಸಿದರೋ. ತಲೆಯ ಮೇಲೆ ಗಂಡಸರ ಹೆಜ್ಜೆಗಳು ಧಪಧಪ ಓಡಾಡುತ್ತಿದ್ದವು. ಒಂದೊಂದು ಹೆಜ್ಜೆಗೂ ಪುಡಿ ಉದುರುತ್ತಿತ್ತು.

"ಚಿಕ್ಕಪ್ಪ, ಮೇಲಿರೋರ್ನ ಇಳ್ಸು. ಮೆತ್ತಗೆ ಇಳೀರಿ ಅನ್ನು," ಎಂದಳು. ಕೂಗಿದರೆ ಅದಕ್ಕೂ ಬಿದ್ದೀತೆಂದು ಹೆದರಿ ಪಿಸುಮಾತಿನಲ್ಲೇ ಹೇಳಿದಳು. "ಅನಸೂಯಮ್ಮ, ಮಕ್ಕಳ್ನ ಕರ್ಕೊಂಡು ಏಳಿ. ಏನೂ ಕೇಳ್ಬೇಡಿ. ಏಳಿ."

ಅನಸೂಯಮ್ಮ ಅವಳ ಮುಖ ನೋಡಿದಳು, ಮೇಲೆ ನೋಡಿದಳು, "ದೇವುಡಾ" ಎಂದು ಎರಡು ಮಕ್ಕಳ ರಟ್ಟೆ ಹಿಡಿದು ಎದ್ದಳು. ಆ ಹೆಂಗಸು ಅಷ್ಟು ಸದ್ದಿಲ್ಲದೆ ಎದ್ದದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. ತನುಜ ಗೌತಮಿಯನ್ನು ಎದೆಗವಚಿಕೊಂಡು ಕೊನೆಯಲ್ಲಿ ಹೊರಬಿದ್ದಳು.

ಮೇಲಿದ್ದ ಕೊನೆಯವನು ಏಣಿಯಿಂದ ಇಳಿಯುತ್ತಿದ್ದಾಗ ಒಳಗೆ ಏನೋ ದೊಪ್ಪನೆ ಬಿತ್ತು. ಎಲ್ಲರೂ ಮಳೆಯಲ್ಲೇ ನಿಂತು ನೋಡಿದರು. ಸೀರೆಯ ಒಂದು ಮೂಲೆ ಕಿತ್ತು ಜೋತುಬಿದ್ದಿತ್ತು. ಮಂಚದ ಕಾಲು ಮುರಿದಿತ್ತು. ಹಾಸಿಗೆಯ ಮೇಲೆ ಸಿಮೆಂಟಿನ ಚಪ್ಪಡಿಯೊಂದು ಮಲಗಿತ್ತು. ಮೇಲೆ, ಹೊಸದಾಗಿ ತೆರೆದ ಜಾಗದಲ್ಲಿ, ತುಕ್ಕು ತಿಂದ ಕಂಬಿಗಳು ಕಡ್ಡಿಯಷ್ಟು ದಪ್ಪವೂ ಉಳಿದಿರಲಿಲ್ಲ. ಮಲ್ಪೆಯಲ್ಲಿ ಕಂಡದ್ದೇ ತನ್ನ ಮನೆಯಲ್ಲೂ ಕಂಡು ತನುಜ ಎಂಟು ವರ್ಷದವಳಂತೆ ಹೆದರಿದಳು.

ಗಂಗರಾಜು ಅಣ್ಣನ ಒದ್ದೆ ಮುಖವನ್ನು ಟವೆಲಿನಿಂದ ಒರೆಸಿದ. ಟಾರ್ಪಾಲನ್ನು ನಾಲ್ಕು ಜನ ಕೈಯಲ್ಲೇ ಎತ್ತಿ ಹಿಡಿದು ಹೆಣದ ಮೇಲೆ ಮರೆ ಮಾಡಿದರು. ಗೌರಿಬಿದನೂರಿನವರು ಬರುವ ತನಕ ಕೈ ಬದಲಾಯಿಸಿಕೊಂಡು ಹಿಡಿದೇ ನಿಂತರು.

*

ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿ ಜನ ಹಿಂತಿರುಗಿದಾಗ ಮಳೆ ಹನಿಯುತ್ತಿತ್ತು. ಮಣ್ಣಿಗೆ ಹೋದವರು ಕಾಲು ತೊಳೆದು, ಸತ್ತವರು ಮಲಗುತ್ತಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿಯೇ ಮನೆಗೆ ಹೋಗಬೇಕು. ಎಲ್ಲರೂ ಕಾಲು ತೊಳೆದರು. ಯಾರೂ ಹೊಸಲ ಹತ್ತಿರ ಬರಲಿಲ್ಲ.

"ಜಗಲಿ ಮೇಲೇ ಹಚ್ಚಣ," ಎಂದ ಗಂಗರಾಜು. "ಅಣ್ಣ ಏನೂ ಅನ್ಕೊಳಲ್ಲ."

"ಅಮ್ಮ ಎಲ್ಲಿ?" ಎಂದಳು ತನುಜ.

ಯಾರೂ ನೋಡಿರಲಿಲ್ಲ. ತನುಜ ಓಡಿ ಬಾಗಿಲಿಗೆ ಬಂದಳು.

ಗಂಗುಲಮ್ಮ ಹಾಲ್‌ನ ನಡುವೆ, ಮುರಿದ ಮಂಚದ ಪಕ್ಕ, ಜೋತುಬಿದ್ದ ಸೀರೆಯ ಕೆಳಗೆ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಅಕ್ಕಿ, ಅಕ್ಕಿಯ ಮೇಲೆ ಹಣತೆ. ದೀಪ ಉರಿಯುತ್ತಿತ್ತು.

"ಅಮ್ಮ, ಬಾ ಈಚೆಗೆ. ಕೈ ಮುಗೀತೀನಿ, ಬಾಮ್ಮ."

"ನೀನು ಒಳಕ್ಕೆ ಬರ್ಬೇಡ," ಎಂದಳು ಗಂಗುಲಮ್ಮ, ತಿರುಗಿ ನೋಡದೆ. "ಎಲ್ರೂ ಅಲ್ಲಿಂದ್ಲೇ ನೋಡ್ಕೊಂಡು ಹೋಗ್ಲಿ. ಆಮೇಲೆ ಬರ್ತೀನಿ."

ಜನ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು, ಕತ್ತು ಚಾಚಿ ಒಳಗೆ ನೋಡಿ, ಬೇಗ ಬೇಗ ಹಿಂದಕ್ಕೆ ಸರಿದರು. ತನುಜ ಬಾಗಿಲುವಾಡವನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಒಳಗೆ ಅಮ್ಮ ದೀಪದ ಮೇಲೆ ಬೊಗಸೆಯನ್ನು ಬೋರಲಾಗಿ ಹಿಡಿದಿದ್ದಳು. ಅವಳ ಕೈ ಮೇಲೆ ಕೆಂಪು ಪುಡಿ ಸಣ್ಣಗೆ ಉದುರುತ್ತಲೇ ಇತ್ತು.