ಇಲ್ಲಿ ಬಿಡಿ ಸಿಗುತ್ತದೆ

“ಬಿಡಿ ಬಿಡಬೇಕು ಸರ್,” ಎಂದ ಕಂಪನಿಯವನು. “ಬೇರೆ ದಾರಿಯಿಲ್ಲ.”

ಮೊದಲನೆಯದು ನಾಮಪದ, ಎರಡನೆಯದು ಕ್ರಿಯಾಪದ ಎಂದು ಅಂಗಡಿಯವನ ಮನಸ್ಸು ತನ್ನಷ್ಟಕ್ಕೆ ವಿಂಗಡಿಸಿತು. ಕಾಲೇಜಿನಲ್ಲಿ ವ್ಯಾಕರಣ ಕಲಿಸುತ್ತಿದ್ದವನು. ಕೆಲಸ ಬಿಟ್ಟು, ಪ್ಯಾಕು ಒಡೆದು ಆಟದ ಚಿತ್ರಕಾರ್ಡುಗಳನ್ನು ಒಂದೊಂದಾಗಿ ಮಾರುವ ಅಂಗಡಿ ಇಟ್ಟ ಮೇಲೂ ಚಾಳಿ ಹೋಗಿರಲಿಲ್ಲ. ಕಂಪನಿಯವನು ತನ್ನ ಮಾತಿನಲ್ಲಿ ಶ್ಲೇಷೆಯಿದೆಯೆಂದು ತಿಳಿಯದೆಯೇ ಬೆವರು ಒರೆಸಿಕೊಂಡ.

“ಪ್ಯಾಕು ಬಂದ ಹಾಗೇ ಮಾರ್ಬೇಕು. ನೀವು ಒಡೆಯೋ ಹಾಗಿಲ್ಲ. ಒಂಟಿ ಕಾರ್ಡು ಅಂಗಡೀಲಿ ಕಾಣೋ ಹಾಗೂ ಇಲ್ಲ. ರೇಟು ನಮ್ದು, ಬೋರ್ಡು ನಮ್ದು. ಅಗ್ರಿಮೆಂಟು ಎಲ್ಲ ಅಂಗಡಿಗೂ ಒಂದೇ ಸರ್, ನಿಮಗೆ ಅಂತ ಬೇರೆ ಬರೆಸಿಲ್ಲ.”

“ಒಡೆದರೆ ನಿಮಗೇನು ನಷ್ಟ?”

ಕಂಪನಿಯವನು ಕನಿಕರದಿಂದ ನಕ್ಕ. “ನಾವು ಕಾರ್ಡು ಮಾರ್ತಿಲ್ಲ ಸರ್. ಒಳಗೇನಿದೆಯೋ ಅನ್ನೋ ಕುತೂಹಲ ಇದ್ಯಲ್ಲ, ಅದೇ ನಮ್ಮ ಮಾಲು. ನೀವು ಅದನ್ನ ಒಡೆದು, ಜೋಡಿಸಿ, ಚೀಟಿ ಅಂಟಿಸಿ ಕೊಡ್ತೀರ.”

ಸಂಜೆ ಬರುವುದಾಗಿ ಹೇಳಿ, ಅಗ್ರಿಮೆಂಟನ್ನು ಮೇಜಿನ ಮೇಲಿಟ್ಟು, ಕಂಪನಿಯ ಬೋರ್ಡನ್ನು ಗೋಡೆಗೆ ಮುಖಮಾಡಿ ಒರಗಿಸಿ ಹೋದ. ಸಂಜೆಯೊಳಗೆ ಸಹಿ ಬೀಳದಿದ್ದರೆ ಹೊಸ ಸರಣಿಯ ಪ್ಯಾಕುಗಳು ಈ ಅಂಗಡಿಗೆ ಬರುವುದಿಲ್ಲ. ಬಿದ್ದರೆ ಈ ಅಂಗಡಿಯಲ್ಲಿ ಬಿಡಿ ಇರುವುದಿಲ್ಲ.

ಹೊರಗೆ, ಬಾಗಿಲ ನೆತ್ತಿಯ ಮೇಲೆ, ಅವನೇ ಕೈಯಾರೆ ಬರೆದ ಹಲಗೆಯಿತ್ತು: ಇಲ್ಲಿ ಬಿಡಿ ಸಿಗುತ್ತದೆ. ಮೊದಮೊದಲು ಜನ ಅದನ್ನು ಓದಿ, ಏನನ್ನು ಬಿಡಬೇಕು, ಚಪ್ಪಲಿಯನ್ನೋ ಎಂದು ಕೇಳಿ ನಗುತ್ತಿದ್ದರು. ಆಮೇಲೆ ಅವನಿಗೇ ‘ಬಿಡಿ ಮೇಷ್ಟ್ರು’ ಎಂಬ ಹೆಸರು ಕಟ್ಟಿದರು. ಹೆಸರು ಅವನಿಗೆ ಒಳಗೊಳಗೇ ಹಿತವಾಗಿತ್ತು.

ಹಿತವಾಗದೆ ಏನು? ಈ ಊರಿನಲ್ಲಿ ಬೇಡದ್ದನ್ನು ಯಾರಿಗೂ ಮಾರದ ವ್ಯಾಪಾರಿ ಅವನೊಬ್ಬನೇ. ಬೇರೆ ಅಂಗಡಿಗಳಲ್ಲಿ ಗಿರಾಕಿ ಒಂದು ಕಾರ್ಡಿನ ಆಸೆಗೆ ಪ್ಯಾಕಿನ ಮೇಲೆ ಪ್ಯಾಕು ಹರಿದು, ಬೇಡದ್ದನ್ನು ಮೆಟ್ಟಿಲ ಮೇಲೆ ಚೆಲ್ಲಿ ಹೋಗುತ್ತಾನೆ. ಇಲ್ಲಿ ಬಂದವನು ತನಗೆ ಕೊರತೆಯಾದದ್ದನ್ನು ಹೇಳುತ್ತಾನೆ. ಅದನ್ನೇ ಪಡೆದು ಹೋಗುತ್ತಾನೆ. ಚಿಕ್ಕಂದಿನಲ್ಲಿ ಅಮ್ಮ ಬೆಳಗಿನ ಹೊತ್ತು ಪದ್ಯ ಹೇಳುವಾಗ, ಕೂಡಿಕೊಂಡ ಮಾತುಗಳನ್ನು ಒಂದೊಂದಾಗಿ ಬಿಡಿಸಿ, ಒಂದೊಂದರ ಮೇಲೂ ದನಿಯನ್ನು ಇಷ್ಟಿಷ್ಟೇ ನಿಲ್ಲಿಸುತ್ತಿದ್ದಳು. ಬಿಡಿಸಿದರೆ ತಾನೇ ಕಾಣೋದು, ಎನ್ನುತ್ತಿದ್ದಳು. ಅವನ ಅಂಗಡಿಯ ಗಾಜಿನ ಕಪಾಟುಗಳು ಆ ದನಿಯ ಹಾಗೆಯೇ ಇದ್ದವು. ಒಂದೊಂದು ಕಾರ್ಡೂ ಒಂದೊಂದು ಮನೆಯಲ್ಲಿ, ಬೆಳಕು ಬೀಳುವಂತೆ.

ಆ ಕಾರ್ಡುಗಳ ಆಟವನ್ನು ಆಡುವುದು ಹೇಗೆಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಕಲಿಯಬೇಕೆಂದು ಅನ್ನಿಸಿಯೂ ಇರಲಿಲ್ಲ.

ಕೆಂಪು ಪೆನ್ನು ತೆಗೆದು ಅಗ್ರಿಮೆಂಟು ಓದತೊಡಗಿದ. ‘ಮಾರಾಟಗಾರನು ಬಿಡಿಗಳನ್ನು ಈ ಮೂಲಕ ಬಿಡತಕ್ಕದ್ದು.’ ಯಾವ ಮೂಲಕ? ಗೆರೆ ಎಳೆದ. ಮುಂದಿನ ವಾಕ್ಯಕ್ಕೆ ಕರ್ತೃವೇ ಇರಲಿಲ್ಲ. ಯಾರೋ ಏನನ್ನೋ ಮಾಡತಕ್ಕದ್ದಲ್ಲ, ಅಷ್ಟೆ. ಅಂಚಿನಲ್ಲಿ ‘ಯಾರು?’ ಎಂದು ಬರೆದ. ಸಂಜೆ ಹೇಳಬೇಕಾದ ಮಾತನ್ನೂ ಆಗಲೇ ಸಿದ್ಧಮಾಡಿಕೊಂಡ: ‘ನಾನು ಬಿಡುವುದಿಲ್ಲ.’ ಚಿಕ್ಕ ವಾಕ್ಯ. ಕರ್ತೃ, ಕ್ರಿಯೆ, ನಿಷೇಧ. ಎಲ್ಲೂ ಕೈಯಿಡುವಂತಿಲ್ಲ. ಒಮ್ಮೆ ಮೆಲ್ಲನೆ ಅಂದುಕೊಂಡ, ದನಿ ಚೆನ್ನಾಗಿತ್ತು.

ನೆತ್ತಿಗೆ ಬಿಸಿಲೇರುವ ಹೊತ್ತಿಗೆ ಹೆಂಡತಿಯ ಫೋನು ಬಂತು. ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಅವಳ ಕೆಲಸ. ಹಿಂದೆ ಗಾಜಿನ ನಳಿಗೆಗಳ ಟಣಟಣ ಕೇಳುತ್ತಿತ್ತು.

“ರೀ, ಸಹಿ ಹಾಕಿದ್ರಾ?”

“ಓದ್ತಾ ಇದ್ದೀನಿ.”

“ಬೆಳಿಗ್ಗೆಯಿಂದಾನಾ?”

“ವ್ಯಾಕರಣ ಸರಿಯಿಲ್ಲ.”

ಅವಳು ಉಸಿರು ಬಿಟ್ಟಳು. “ಕಾಲೇಜು ಬಿಡುವಾಗಲೂ ಏನೋ ಸರಿಯಿಲ್ಲ ಅಂದಿದ್ರಿ.”

“ಅದು ಬೇರೆ. ಮಕ್ಕಳಿಗೆ ರೆಡಿಮೇಡ್ ನೋಟ್ಸು ಹೇಳಿ ಬರೆಸಿ ಅಂದ್ರು.”

“ಗೊತ್ತು. ಅಲ್ಲಾ, ಒಂದು ಕೇಳ್ತೀನಿ. ಆ ಕ್ಷೌರದಂಗಡಿಯವರ ಹೆಸರೇನು? ವಾರವಾರ ಬರ್ತಾರಲ್ಲ.”

ಅವನು ಯೋಚಿಸಿದ. “ಹಗ್ಗ ಹೊಸೆಯುವವಳು,” ಎಂದ.

“ಅದು ಅವರ ಹತ್ರ ಇಲ್ಲದ ಕಾರ್ಡಿನ ಹೆಸರು.”

“ಹೌದು.”

“ನಿಮಗೆ ಎಲ್ಲರೂ ಹಾಗೇ ಅಲ್ವಾ? ಏನಿಲ್ಲವೋ ಅದೇ ಅವರ ಹೆಸರು.” ಸ್ವಲ್ಪ ತಡೆದು, “ನಂದೇನು?” ಎಂದಳು.

“ಏನು ನಿಂದು?”

“ಏನಿಲ್ಲ ಬಿಡಿ,” ಎಂದು ಇಟ್ಟುಬಿಟ್ಟಳು.

ಆ ‘ಬಿಡಿ’ ನಾಮಪದವಲ್ಲ ಎಂಬುದರಲ್ಲಿ ಅನುಮಾನವಿರಲಿಲ್ಲ. ಅವನು ಫೋನನ್ನು ಅಗ್ರಿಮೆಂಟಿನ ಮೇಲಿಟ್ಟ.

ಕ್ಷೌರದಂಗಡಿಯವನ ನೆನಪು ಬಂದದ್ದೇ ಒಳ್ಳೆಯದಾಯಿತು. ಪಾಪ, ಆ ಮನುಷ್ಯ ಅಳಿಯನೊಂದಿಗೆ ಆಡುತ್ತಾನೆ, ಪ್ರತಿಸಲವೂ ಸೋಲುತ್ತಾನೆ. ಆ ಒಂದು ಕಾರ್ಡು ಕೈಗೆ ಬಂದರೆ ಅಳಿಯನ ಸೊಕ್ಕು ಮುರಿಯುತ್ತೇನೆ ಎಂದು ಮಳೆಗಾಲಕ್ಕೂ ಮೊದಲಿನಿಂದ ಹೇಳುತ್ತಿದ್ದಾನೆ. ಈ ದಿನ ಬರುವವನಿದ್ದ. ಹಳೆಯ ಸರಣಿಯ ಕೊನೆಯ ಪೆಟ್ಟಿಗೆ ಕಪಾಟಿನ ತಳದಲ್ಲಿತ್ತು. ಸಹಿ ಇನ್ನೂ ಬಿದ್ದಿಲ್ಲ. ಒಡೆಯಬಾರದೆಂದು ಹೇಳುವವರು ಯಾರು?

ಅವನು ಎದ್ದು ಪೆಟ್ಟಿಗೆಯನ್ನು ತೆರೆದ. ಪ್ಯಾಕು ಒಡೆಯುವುದರಲ್ಲಿ ಅವನಿಗೆ ಆತುರವಿರಲಿಲ್ಲ, ಆಸೆಯಿರಲಿಲ್ಲ. ಕತ್ತರಿಯಿಂದ ನೇರವಾಗಿ ಅಂಚು ಕತ್ತರಿಸುತ್ತಿದ್ದ. ಎದುರುಗಡೆಯ ಆಟಿಕೆ ಅಂಗಡಿಯವನು ಕಂಪನಿ ಹಾಕಿಸಿಕೊಟ್ಟ ಹೊಸ ಬೋರ್ಡಿನ ಕೆಳಗೆ ನಿಂತು ನೋಡುತ್ತಿದ್ದವನು ಕೂಗಿದ:

“ಏನ್ ಮೇಷ್ಟ್ರೇ, ಇರೋದನ್ನೂ ಕತ್ತರಿಸ್ತಾ ಇದ್ದೀರ! ನಾಳೆ ಮಾರೋಕೆ ಗಾಳಿ ತುಂಬಿ ಇಡ್ತೀರೋ?”

“ನೀವು ಈಗ ಮಾರ್ತಿರೋದೂ ಅದೇ ಅಲ್ವಾ?” ಎಂದ ಅವನು, ಕತ್ತರಿ ನಿಲ್ಲಿಸದೆ.

ಆಟಿಕೆಯವನು ಗಹಗಹಿಸಿ ನಕ್ಕ. “ನಿಮ್ಮ ಗತ್ತು ನಮಗೆ ಬರಲ್ಲ ಬಿಡಿ. ಹೆಂಡ್ತಿ ಮಕ್ಕಳಿದ್ದಾರೆ.”

ಪೆಟ್ಟಿಗೆ ಇನ್ನೇನು ಬರಿದಾಗುತ್ತಿದೆ ಎನ್ನುವಾಗ ಅವಳು ಬಂದಳು. ಹಗ್ಗ ಹೊಸೆಯುವವಳು. ಕಾರ್ಡಿನ ಬಾಗಿಲಿನಂಥ ಕಪ್ಪು ಚೌಕಟ್ಟಿನೊಳಗೆ ನಿಂತಿದ್ದಾಳೆ. ನೆಟ್ಟನೆಯ ಬೆನ್ನು, ಎತ್ತಿದ ತಲೆ. ಕೈಯಿಂದ ಹೊರಟ ಹಗ್ಗ ಮೇಲಕ್ಕೇರಿ ಚೌಕಟ್ಟಿನ ಆಚೆ ಹೋಗಿಬಿಡುತ್ತದೆ. ಆ ತುದಿಯಲ್ಲಿ ಏನಿದೆಯೆಂದು ಚಿತ್ರ ಬರೆದವನು ತೋರಿಸಿಲ್ಲ.

ಮೃದುವಾದ ಬಟ್ಟೆಯಿಂದ ಒರೆಸಿ, ಪಾರದರ್ಶಕ ಹಾಳೆಯೊಳಗೆ ಸೇರಿಸಿ, ಮೇಜಿನ ನಡುವೆ ಇಟ್ಟುಕೊಂಡು ಕಾದ. ಎದೆ ಉಬ್ಬಿತ್ತು. ಕಂಪನಿಯವನು ಈಗ ಬಂದು ನೋಡಬೇಕಿತ್ತು. ಒಬ್ಬ ಮನುಷ್ಯ, ಅವನಿಗೆ ಬೇಕಾದ ಒಂದು ಕಾರ್ಡು. ನಡುವೆ ತಾನು.

ಬಿಸಿಲು ಇಳಿದಾಗ ಕ್ಷೌರದಂಗಡಿಯವನು ಬಂದ. ಬಂದವನು ಕೂರಲಿಲ್ಲ. ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಗಾಳಿಯಲ್ಲಿ ಆಡಿಸಿದ.

“ಮೇಷ್ಟ್ರೇ, ಸಿಕ್ಕಿಬಿಟ್ಲು!”

ಮೇಷ್ಟ್ರ ಕೈ ತಾನಾಗಿಯೇ ಮೇಜಿನ ಮೇಲಿನ ಕಾರ್ಡನ್ನು ಮುಚ್ಚಿತು.

“ಎದುರುಗಡೆ ಸುಮ್ನೆ ನಿಂತಿದ್ದೆ. ಒಂದು ಪ್ಯಾಕು ತಗೊಂಡೆ. ಹಲ್ಲಲ್ಲೇ ಹರಿದೆ ನೋಡಿ! ಮೊದಲನೇ ಕಾರ್ಡು ಕತ್ತೆ, ಎರಡನೇದೂ ಕತ್ತೆ, ಮೂರನೇದು…” ಅವನ ಕಣ್ಣಲ್ಲಿ ನೀರಾಡಿತು. “ಎದೆ ಢವಢವ ಅಂತು. ಮದುವೆ ದಿನ ಕೂಡ ಹಾಗಾಗಿರ್ಲಿಲ್ಲ.”

“ಒಳ್ಳೇದಾಯ್ತು.”

“ನೀವೇ ತೆಗೆದುಕೊಟ್ಟಿದ್ರೂ ಆಗ್ತಿತ್ತು, ಇಲ್ಲ ಅನ್ನಲ್ಲ. ಆದ್ರೆ…” ಕ್ಷೌರದಂಗಡಿಯವನು ಮಾತಿಗೆ ತಡಕಾಡಿದ. “ಅದು ಔಷಧಿ ಅಂಗಡೀಲಿ ಮಾತ್ರೆ ತಗೊಂಡ ಹಾಗೆ.”

“ಅರ್ಥವಾಗುತ್ತೆ.”

“ಬೇಜಾರಾ ಮೇಷ್ಟ್ರೇ?”

“ಛೆ, ಯಾಕೆ?”

ಕ್ಷೌರದಂಗಡಿಯವನು ಹೋದ ಮೇಲೂ ಮೇಷ್ಟ್ರ ಕೈ ಮೇಜಿನ ಮೇಲೆಯೇ ಇತ್ತು. ಎತ್ತಿದರೆ ಅವಳು ಕಾಣುತ್ತಾಳೆ. ಆಮೇಲೆ ಎತ್ತಿದ. ಕಾರ್ಡನ್ನು ಕಪಾಟಿನಲ್ಲಿಡಲು ಮನಸ್ಸಾಗದೆ ಅಂಗಿಯ ಜೇಬಿಗೆ ಹಾಕಿಕೊಂಡ. ಅಂಗಡಿ ತುಂಬ ಕಾರ್ಡುಗಳು ಒಂದೊಂದಾಗಿ, ಚೀಟಿ ಅಂಟಿಸಿಕೊಂಡು, ಅವನನ್ನೇ ನೋಡುತ್ತಿದ್ದವು. ‘ನಾನು ಬಿಡುವುದಿಲ್ಲ’ ಎಂದುಕೊಂಡ. ವಾಕ್ಯ ಸರಿಯಾಗಿಯೇ ಇತ್ತು. ಏನನ್ನು ಎಂಬ ಕರ್ಮಪದವೊಂದು ಇಲ್ಲ ಎಂಬುದನ್ನು ಆಗಷ್ಟೇ ಗಮನಿಸಿದ್ದು.

ಕತ್ತಲು ಕವಿಯುವ ಮೊದಲು ಕಂಪನಿಯವನು ಬಂದ. ಜೊತೆಗೆ ಏಣಿ ಹೊತ್ತ ಬೋರ್ಡು ಕೂರಿಸುವವನೂ ಇದ್ದ.

“ಓದಿದ್ರಾ ಸರ್?”

“ಓದಿದೆ. ತಪ್ಪುಗಳಿವೆ.”

ಕಂಪನಿಯವನು ಕೆಂಪಾದ ಹಾಳೆಗಳನ್ನು ತಿರುವಿ ಹಾಕಿದ. ಅಂಚಿನ ‘ಯಾರು?’ ನೋಡಿ ಹುಬ್ಬೇರಿಸಿದ. “ಟೈಪ್ ಮಾಡೋರಿಗೆ ಹೇಳ್ತೀನಿ. ಸಹಿ?”

“ತಿದ್ದಿ ತನ್ನಿ. ನೋಡೋಣ.”

“ಆಯ್ತು ಸರ್, ಸಹಿ ಆಮೇಲೆ. ಬೋರ್ಡು ಏರಿಸೋಣ. ಇವನನ್ನ ಇನ್ನೊಂದ್ಸಲ ಕರೆಯೋದು ಕಷ್ಟ.”

ಆಗಲಿ ಎಂದು ಅವನು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಬೋರ್ಡಿಗೆ ಹಗ್ಗ ಬಿಗಿದು, ಬಾಗಿಲ ಮೇಲಿನ ಕಬ್ಬಿಣದ ಸರಳಿನಾಚೆ ದಾಟಿಸಿ, ಕೂರಿಸುವವನು ಏಣಿ ಹತ್ತಿದ. ಕಂಪನಿಯವನು ಏಣಿ ಹಿಡಿದ. ಹಗ್ಗದ ಈ ತುದಿ ಹೊಸ್ತಿಲ ಒಳಗೆ ಬಂದು ಬಿತ್ತು.

“ಸರ್, ಸ್ವಲ್ಪ ಜಗ್ಗಿ ಹಿಡ್ಕೊಳ್ಳಿ!”

ಅವನು ಹಿಡಿದುಕೊಂಡ, ಜಗ್ಗಿದ. ಮೇಲೆಲ್ಲೋ ಭಾರ ಅಲುಗಾಡಿ ಹಲಗೆಗೆ ಬಡಿಯಿತು. ಅವನು ಬರೆದ ಹಲಗೆಗೆ.

“ಬಿಡಬೇಡಿ ಮೇಷ್ಟ್ರೇ!” ಏಣಿಯ ಮೇಲಿಂದ ಕೂಗು ಬಂತು. “ಬಿಟ್ರೆ ನನ್ನ ತಲೆ ಮೇಲೇ ಬರುತ್ತೆ!”

“ಬಿಡಬೇಡಿ ಸರ್,” ಎಂದ ಕಂಪನಿಯವನೂ. “ಬಿಡಬೇಡಿ.”

ಎದುರಿನ ಅಂಗಡಿಯ ಮೆಟ್ಟಿಲಲ್ಲಿ ಜನ ಸೇರಿದ್ದರು. ಅವನು ಬೆನ್ನು ನೆಟ್ಟಗೆ ಮಾಡಿದ, ತಲೆಯೆತ್ತಿದ.

“ನಾನು ಬಿಡುವುದಿಲ್ಲ!” ಎಂದ.

ಬೆಳಿಗ್ಗೆಯಿಂದ ಕಾಯ್ದಿಟ್ಟ ದನಿಯಲ್ಲೇ ಬಂತು. ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಬೀದಿಗೆಲ್ಲ ಕೇಳುವಂತೆ.

“ಹಾಂ, ಹಾಗೇ ಇರಿ ಸರ್,” ಎಂದ ಕಂಪನಿಯವನು.

ಅವನು ಹಾಗೆಯೇ ಇದ್ದ. ಬಾಗಿಲ ಚೌಕಟ್ಟಿನೊಳಗೆ, ಎರಡೂ ಕೈಯಲ್ಲಿ ಹಗ್ಗ. ಅದು ಅವನ ಮುಷ್ಟಿಯಿಂದ ಹೊರಟು ಮೇಲಕ್ಕೇರಿ ಚೌಕಟ್ಟಿನ ಆಚೆ ಮರೆಯಾಗುತ್ತಿತ್ತು. ಅವನು ನಿಂತಲ್ಲಿಂದ ಆ ತುದಿ ಕಾಣುತ್ತಿರಲಿಲ್ಲ.