ಒಂದು ದಿನ ಹಿಂದಿದ್ದ ಕಂಪ್ಯೂಟರ್

ನಮ್ಮಣ್ಣ ಪೆನಿ ಸೋಮಾರಿ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಅವನ ಕಂಪ್ಯೂಟರಿನ ತಾರೀಖು ಯಾವಾಗಲೂ ಒಂದು ದಿನ ಹಿಂದೆ. ನಮ್ಮ ಸಮೋವಾ ಒಂದು ಡಿಸೆಂಬರಿನಲ್ಲಿ ಇಡೀ ಒಂದು ದಿನವನ್ನೇ ಬಿಟ್ಟು, ತಾರೀಖು ಬದಲಾಗುವ ದಿನರೇಖೆಯ ಆಚೆಗೆ ಹಾರಿ ಎಷ್ಟೋ ವರ್ಷವಾಗಿತ್ತು. ಇವನ ಯಂತ್ರ ಮಾತ್ರ ಹಾರಿರಲಿಲ್ಲ.

ಅಣ್ಣ ತೀರಿಕೊಂಡು ವರ್ಷವಾಯಿತು. ಉಪ್ಪುಗಾಳಿಗೆ ತುಕ್ಕು ಹಿಡಿದು ಆ ಯಂತ್ರವೂ ಕೆಟ್ಟಿತು. ಅತ್ತಿಗೆ ಸುಲಿಯಾ ಅದನ್ನು ಬಟ್ಟೆಯಲ್ಲಿ ಸುತ್ತಿ, ತಮ್ಮ ದ್ವೀಪದಿಂದ ಹಡಗು ಹತ್ತಿ, ಆಪಿಯಾದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಂದಳು.

"ಲೋಸಾ, ಅವ್ರ ದನಿ ಇದ್ರೊಳಗಿದೆ ಕಣೆ. ವಾರಕ್ಕೊಂದ್ಸಲ ಕೇಳ್ತಿದ್ದೆ. ಹೆಂಗಾದ್ರೂ ಉಳಿಸ್ಕೊಡು."

ಅಣ್ಣ ಬರೆದದ್ದು ಪುಟ್ಟ ಪ್ರೋಗ್ರಾಮ್. ಭಾನುವಾರ ಬೆಳಿಗ್ಗೆ ಏಳಕ್ಕೆ ಅತ್ತಿಗೆಗೆ ಫೋನ್ ಹಚ್ಚಿ ಅವನು ರೆಕಾರ್ಡ್ ಮಾಡಿಟ್ಟ ಮಾತು ಕೇಳಿಸುವುದು, ಅಷ್ಟೇ. ಅವಳು ಸಮುದ್ರದಾಚೆಯ ಪಾಂಗೊ ಪಟ್ಟಣದ ಮೀನಿನ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿಯುತ್ತಿದ್ದಾಗ ಮಾಡಿದ್ದು. ಅವಳು ಊರಿಗೆ ಮರಳಿದ್ದು ಅವನನ್ನು ಮಣ್ಣು ಮಾಡುವುದಕ್ಕೆ.

ಡಿಸ್ಕ್ ಪುಣ್ಯಕ್ಕೆ ಚೆನ್ನಾಗಿತ್ತು. ಒಂದಕ್ಷರ ಬಿಡದೆ ಹೊಸ ಯಂತ್ರಕ್ಕೆ ಇಳಿಸಿದೆ. ತಾರೀಖನ್ನೂ ಸರಿಯಾಗಿಟ್ಟೆ. ನನ್ನ ಫೋನಿಗೇ ಹಚ್ಚಿ ನೋಡಿದೆ. "ಸುಲಿಯಾ" ಎಂದ ಅಣ್ಣ. ಉಳಿದದ್ದು ನನ್ನ ಕಿವಿಗಲ್ಲವೆಂದು ತಕ್ಷಣ ಕಟ್ ಮಾಡಿದೆ.

ಅತ್ತಿಗೆ ಹೊಸ ಯಂತ್ರವನ್ನು ಊರಿಗೊಯ್ದು ಎರಡು ವಾರ ಕಳೆದು, ಸೋಮವಾರ ಅವಳ ಫೋನ್. "ಇವತ್ತೂ ಬರ್ಲಿಲ್ಲ ಕಣೆ."

ಇಂಟರ್ನೆಟ್ಟಿನ ಮೂಲಕ ಇಲ್ಲಿಂದಲೇ ಅವಳ ಯಂತ್ರವನ್ನು ಇಣುಕಿ ನೋಡಿದೆ. "ಏನತ್ತಿಗೆ, ನಿನ್ನೆ ಏಳಕ್ಕೆ ಫೋನ್ ಹೋಗಿದೆಯಲ್ಲ!"

"ನಿನ್ನೆನಾ? ನಿನ್ನೆ ಫೋನ್ ಆಫ್ ಮಾಡಿ ಚರ್ಚಿಗೆ ಹೋಗಿದ್ದೆ. ಅವ್ರು ಮಾತಾಡೋದು ಸೋಮವಾರ ಅಲ್ವೇನೆ!"

"ಅವ್ನು ಭಾನುವಾರ ಅಂತ ಬರ್ದಿದಾನೆ."

"ನನ್ ಭಾನುವಾರ ಕಣೆ, ಪಾಂಗೊದ್ದು! ನಂಗೆ ಅದೊಂದೇ ದಿನ ರಜೆ ಇದ್ದಿದ್ದು."

ಪಾಂಗೊ ಇಲ್ಲಿಂದ ವಿಮಾನದಲ್ಲಿ ಅರ್ಧ ಗಂಟೆ, ಆದರೆ ಅದು ನಮ್ಮಂತೆ ದಿನರೇಖೆ ಹಾರಿರಲಿಲ್ಲ. ಅಲ್ಲಿಯೂ ಇಲ್ಲಿಯೂ ಗಂಟೆ ಒಂದೇ, ದಿನ ಮಾತ್ರ ಅಲ್ಲಿ ಒಂದು ಹಿಂದೆ. ಅಣ್ಣ ಬೇಕೆಂದೇ ತನ್ನ ಯಂತ್ರವನ್ನು ಹೆಂಡತಿಯ ದಿನದಲ್ಲಿ ಇಟ್ಟಿದ್ದ. ನಮ್ಮ ಸೋಮವಾರ ಬೆಳಿಗ್ಗೆ ಅವನು ಮೀನು ಹಿಡಿಯುತ್ತ ದೋಣಿಯಲ್ಲಿದ್ದರೂ ಅವನ ದನಿ ಅವಳನ್ನು ಮುಟ್ಟುತ್ತಿತ್ತು. ನಾನು ಪ್ರೋಗ್ರಾಮನ್ನೇನೋ ಉಳಿಸಿದೆ, ಅದು ನಂಬಿಕೊಂಡಿದ್ದ ದಿನವನ್ನು ಕಿತ್ತೆಸೆದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವಳು, ನನ್ನ ಬುದ್ಧಿಗಿಷ್ಟು!

ಇಲ್ಲಿಂದಲೇ ಮಾಡಬಹುದಿದ್ದರೂ ಮನಸ್ಸು ಒಪ್ಪದೆ, ಶನಿವಾರದ ಹಡಗು ಹಿಡಿದು ಹೋಗಿ ತಾರೀಖನ್ನು ಒಂದು ದಿನ ಹಿಂದಕ್ಕೆ ತಳ್ಳಿದೆ. ಸೋಮವಾರ ಇಬ್ಬರೂ ಕೋಕೋ ಲೋಟ ಹಿಡಿದು ಚಾಪೆಯ ಮೇಲೆ ಕೂತೆವು. ಏಳಕ್ಕೆ ಫೋನ್ ಬಡಿದುಕೊಂಡಿತು. ಅತ್ತಿಗೆ ನನಗೂ ಕೇಳಲೆಂದು ಅದನ್ನು ನಡುವೆ ಇಟ್ಟಳು.

"ಸುಲಿಯಾ, ಎದ್ದಿದೀಯಾ? ಇವತ್ ಭಾನುವಾರ, ಇನ್ನೊಂಚೂರು ಮಲ್ಕೋ. ಗಡಿಯಾರ ಸರಿಮಾಡಲ್ಲ ಅಂತ ಲೋಸಾ ನನ್ನ ಸೋಮಾರಿ ಅಂತಾಳೆ, ಅನ್ನಲಿ ಬಿಡು. ನೀನು ಮನೆಗೆ ಬಂದ್ಬಿಡು, ಆವತ್ತೇ ಸರಿಮಾಡ್ತೀನಿ."

"ಬಂದಿದೀನಲ್ಲ" ಎಂದಳು ಅತ್ತಿಗೆ, ಫೋನಿಗೆ.

ನಾನು ಆ ಗಡಿಯಾರವನ್ನು ಮತ್ತೆ ಮುಟ್ಟಲಿಲ್ಲ.